ಸಾಸಿವೆ ಹೆಸರು ಮರೆತ ಅಪ್ಪ: ಮೆದುಳಿನ ಗ್ಲಿಯೋಬ್ಲಾಸ್ಟೋಮಾ ಬಗ್ಗೆ ನಿಮಗೆ ಗೊತ್ತಿರುವುದನ್ನು ಹೇಳಿ

ದಾವಣಗೆರೆ_ಮಗಳು · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಅಪ್ಪ ಹೋಗಿ ಎಂಟು ತಿಂಗಳಾಯಿತು. ಅವರಿಗೆ ಬಂದಿದ್ದು ಗ್ಲಿಯೋಬ್ಲಾಸ್ಟೋಮಾ. ದೊಡ್ಡವರಲ್ಲಿ ಮೆದುಳಿನಲ್ಲೇ ಹುಟ್ಟುವ ಕ್ಯಾನ್ಸರ್ ಗಡ್ಡೆಗಳಲ್ಲಿ ಜಾಸ್ತಿ ಕಾಣಿಸುವುದು ಇದೇ, ಜಾಸ್ತಿ ಜೋರಿನದೂ ಇದೇ. ಇಷ್ಟು ದಿನ ಬರೆಯುವ ಮನಸ್ಸಾಗಲಿಲ್ಲ. ಮೊನ್ನೆ ನಮ್ಮ ಓಣಿಯಲ್ಲೇ ಇನ್ನೊಬ್ಬರಿಗೆ ಹೀಗೇ ಶುರುವಾಗಿದೆ ಅಂತ ಕೇಳಿದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಅಪ್ಪನಿಗೆ ಆಗ 58. ಕಿರಾಣಿ ಅಂಗಡಿ ಇತ್ತು. ಮೂವತ್ತು ಸಾಮಾನಿನ ಚೀಟಿಯನ್ನು ಕ್ಯಾಲ್ಕುಲೇಟರ್ ಮುಟ್ಟದೆ ಬಾಯಲ್ಲೇ ಕೂಡಿಸುತ್ತಿದ್ದರು. ಮೊದಲು ಕೆಟ್ಟಿದ್ದು ಮಾತು. ಗಿರಾಕಿ ಸಾಸಿವೆ ಕೇಳಿದರೆ ಡಬ್ಬದ ಮುಂದೆ ನಿಂತು "ಅದು, ಅದು, ಒಗ್ಗರಣೆದು" ಅನ್ನುತ್ತಿದ್ದರು. ಹೆಸರು ಬರುತ್ತಿರಲಿಲ್ಲ. ನಾವು ವಯಸ್ಸು ಅಂದುಕೊಂಡೆವು. ಆಮೇಲೆ ಸ್ಕೂಟರಿನ ಬಲಗಡೆ ಮಾತ್ರ ಗೀರು ಬೀಳೋಕೆ ಶುರುವಾಯಿತು. ಬಾಗಿಲಿನ ಚೌಕಟ್ಟಿಗೆ ಬಲಭುಜ ತಾಗುತ್ತಿತ್ತು. ಬಲಗಡೆ ನೋಟ ಹೋಗಿದೆ ಅಂತ ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಬೆಳಗಿನ ಜಾವ ತಲೆನೋವು ಬರುತ್ತಿತ್ತು. ಎದ್ದ ಕೂಡಲೇ ವಾಂತಿ. ವಾಂತಿಯಾದ ಮೇಲೆ ಸ್ವಲ್ಪ ಹಗುರ. ಅಜ್ಜಿ ಪಿತ್ತ ಅಂದರು, ಜೀರಿಗೆ ಕಷಾಯ ಕೊಟ್ಟರು. ಹತ್ತಿರದ ಕ್ಲಿನಿಕ್‌ನಲ್ಲಿ ಬಿಪಿ ನೋಡಿ ಗ್ಯಾಸ್ ಮಾತ್ರೆ ಕೊಟ್ಟರು. ಚಿಕ್ಕಮ್ಮ ದೃಷ್ಟಿ ತೆಗೆದರು. ಹೀಗೆ ಐದು ವಾರ ಹೋಯಿತು. ಒಂದು ಸಂಜೆ ಅಂಗಡಿಯಲ್ಲಿ ತೂಕ ಹಾಕುತ್ತಿರುವಾಗ ಬಲಗೈ ತಾನಾಗೇ ಅದುರೋಕೆ ಶುರುವಾಯಿತು. ಬಾಯಿ ಸೊಟ್ಟಗಾಯಿತು, ಕೆಳಗೆ ಬಿದ್ದರು. ಪಕ್ಕದವರು ಓಡಿಬಂದು ಕೈಗೆ ಬೀಗದ ಕೈ ಇಟ್ಟರು. ಅವತ್ತೇ ಸಿಟಿ ಸ್ಕ್ಯಾನ್ ಆಗಿದ್ದು, ಅವತ್ತೇ ಗಡ್ಡೆ ಕಂಡಿದ್ದು.

ಆ ಐದು ವಾರ ನನ್ನನ್ನು ಬಿಡುತ್ತಿಲ್ಲ. ಮುಂಚೆ ಹೋಗಿದ್ದರೆ ಉಳಿಯುತ್ತಿದ್ದರಾ? ನಿಮ್ಮ ಮನೆಗಳಲ್ಲಿ ಏನು ಕಂಡಿರಿ, ಹೇಗೆ ಗೊತ್ತಾಯಿತು, ದಯವಿಟ್ಟು ಹೇಳಿ.

ನ್ಯೂರೋ_ವಾರ್ಡ್_ನರ್ಸ್ · ಭಾನುವಾರ ರಾತ್ರಿ

ತಂಗಿ, ಓದಿ ತುಂಬಾ ಸಂಕಟ ಆಯಿತು. ನಮ್ಮ ವಾರ್ಡಿಗೆ ಬರುವ ಎಷ್ಟೋ ಮನೆಯವರು ಇದೇ ಮಾತು ಹೇಳುತ್ತಾರೆ. "ಗ್ಯಾಸ್ ಅಂದುಕೊಂಡಿದ್ವಿ ಸಿಸ್ಟರ್."

ಬೀಗದ ಕೈ ವಿಷಯ ಬಂತಲ್ವಾ, ಎಲ್ಲರಿಗೂ ಹೇಳಿಬಿಡುತ್ತೇನೆ. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಬೇಡ, ಮೂಗಿಗೆ ಈರುಳ್ಳಿ ಬೇಡ, ಬಾಯಿಗೆ ಚಮಚ ಅಂತೂ ಬೇಡವೇ ಬೇಡ. ಪಕ್ಕಕ್ಕೆ ಮಗ್ಗಲು ಮಾಡಿ ಮಲಗಿಸಿ. ತಲೆ ಕೆಳಗೆ ಟವಲ್ ಇಡಿ. ಗಡಿಯಾರ ನೋಡಿ. 5 ನಿಮಿಷ ದಾಟಿದರೆ, ಒಂದು ನಿಂತು ಎಚ್ಚರ ಬರುವ ಮೊದಲೇ ಇನ್ನೊಂದು ಬಂದರೆ, ಜೀವನದಲ್ಲಿ ಮೊದಲ ಸಲ ಬಂದಿದ್ದರೆ, ತಕ್ಷಣ 108ಕ್ಕೆ ಫೋನ್ ಮಾಡಿ. ಯಾವ ಕೈ ಮೊದಲು ಅದುರಿತು ಅಂತ ನೆನಪಿಟ್ಟುಕೊಳ್ಳಿ. ಒಬ್ಬರು ಮೊಬೈಲಲ್ಲಿ ವಿಡಿಯೋ ಮಾಡಿದರೆ ಇನ್ನೂ ಒಳ್ಳೆಯದು. ಡಾಕ್ಟರಿಗೆ ಆ ವಿಡಿಯೋದಿಂದ ತುಂಬಾ ಗೊತ್ತಾಗುತ್ತದೆ.

ನ್ಯೂರೋಸರ್ಜರಿ_ವೈದ್ಯ · ಸೋಮವಾರ ಬೆಳಿಗ್ಗೆ

ನಮಸ್ಕಾರ. ಮೊದಲು ಒಂದು ಮಾತು. ತಲೆನೋವು ಇರುವವರೆಲ್ಲ ಇದನ್ನು ಓದಿ ಹೆದರಬೇಡಿ. ನೂರಾರು ತಲೆನೋವುಗಳಲ್ಲಿ ಗಡ್ಡೆಯಿಂದ ಬಂದದ್ದು ಒಂದು ಸಿಕ್ಕರೆ ಹೆಚ್ಚು. ಅಮೆರಿಕದ ಲೆಕ್ಕದಲ್ಲಿ ಗ್ಲಿಯೋಬ್ಲಾಸ್ಟೋಮಾ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು 3 ಮಂದಿಗೆ ಬರುತ್ತದೆ. ಅಪರೂಪದ ಕಾಯಿಲೆ.

ಹಾಗಾದರೆ ಯಾವುದಕ್ಕೆ ಎಚ್ಚರ? ಹೊಸದು ಮತ್ತು ಹೆಚ್ಚುತ್ತಾ ಹೋಗುವುದು, ಈ ಎರಡು ಮಾತು ನೆನಪಿಟ್ಟುಕೊಳ್ಳಿ. ಐವತ್ತು ವರ್ಷ ತಲೆನೋವೇ ಗೊತ್ತಿಲ್ಲದವರಿಗೆ ಈಗ ಶುರುವಾಗಿ ವಾರದಿಂದ ವಾರಕ್ಕೆ ಜೋರಾದರೆ. ಮಲಗಿದಾಗ, ಕೆಮ್ಮಿದಾಗ, ಬಗ್ಗಿದಾಗ ಹೆಚ್ಚಾದರೆ. ಅದರ ಜೊತೆ ಮಾತು, ನೋಟ, ಒಂದು ಕಡೆಯ ಕೈಕಾಲು, ನಡವಳಿಕೆ, ಇವುಗಳಲ್ಲಿ ಏನೋ ಒಂದು ಕೆಟ್ಟರೆ ಕಾಯಬೇಡಿ. ದೊಡ್ಡವರಲ್ಲಿ ಮೊದಲ ಸಲ ಫಿಟ್ಸ್ ಬಂದರೆ ಮೆದುಳಿನ ಸ್ಕ್ಯಾನ್ ಆಗಲೇಬೇಕು.

ಲಕ್ವಕ್ಕೂ ಇದಕ್ಕೂ ವ್ಯತ್ಯಾಸ ಸಮಯದ್ದು. ಲಕ್ವ ಹೊಡೆಯುವುದು ನಿಮಿಷಗಳಲ್ಲಿ. ಗಡ್ಡೆಯ ತೊಂದರೆ ದಿನಗಳಲ್ಲಿ, ವಾರಗಳಲ್ಲಿ ಏರುತ್ತದೆ. ಗಡ್ಡೆಯೊಳಗೆ ರಕ್ತ ಸೋರಿದರೆ ಮಾತ್ರ ಲಕ್ವದ ಹಾಗೆಯೇ ದಿಢೀರ್ ಅಂತ ಬರಬಹುದು. ಮನೆಯಲ್ಲಿ ಕೂತು ಇದು ಯಾವುದು ಅಂತ ತೀರ್ಮಾನಿಸುವುದು ಬೇಡ. ದಿಢೀರ್ ಬಂದರೆ ದಿಢೀರ್ ಆಸ್ಪತ್ರೆಗೆ ಹೋಗಿ.

ನಿಮ್ಮ ತಂದೆಯವರಿಗೆ ಗಡ್ಡೆ ಎಡಗಡೆ ಕಿವಿಯ ಮೇಲ್ಭಾಗದಲ್ಲಿ ಇತ್ತು ಅನಿಸುತ್ತದೆ. ಹೆಚ್ಚಿನವರಿಗೆ ಪದಗಳ ಉಗ್ರಾಣ ಎಡಮೆದುಳಿನಲ್ಲಿ ಇರುತ್ತದೆ. ಬಲಗಡೆ ನೋಟದ ದಾರಿಯೂ ಆ ಜಾಗದಲ್ಲೇ ಹಾದು ಹೋಗುತ್ತದೆ. ಸಾಸಿವೆಯ ಹೆಸರು ಮರೆತದ್ದು, ಸ್ಕೂಟರಿನ ಗೀರು, ಎರಡೂ ಒಂದೇ ಕಡೆಯಿಂದ ಬಂದವು.

ಇನ್ನು ಆ ಐದು ವಾರ. ನೇರವಾಗಿ ಹೇಳುತ್ತೇನೆ. ಐದು ವಾರ ಮುಂಚೆ ಬಂದಿದ್ದರೂ ಕಾಯಿಲೆ ಇದೇ ಆಗಿರುತ್ತಿತ್ತು. ಇದು ಚೆಂಡಿನ ಹಾಗೆ ಒಂದೆಡೆ ಕೂರುವ ಗಡ್ಡೆ ಅಲ್ಲ. ಬೇರಿನ ಹಾಗೆ ಮೆದುಳಿನ ನರತಂತುಗಳ ಉದ್ದಕ್ಕೂ ಹರಿದಿರುತ್ತದೆ. ಸ್ಕ್ಯಾನಿನಲ್ಲಿ ಕಾಣುವ ಅಂಚಿನ ಆಚೆಗೂ ಅದರ ಕಣಗಳು ಇರುತ್ತವೆ. ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ 1920ರ ದಶಕದಲ್ಲಿ ಇಂಥ ಗಡ್ಡೆಗಳಿಗೆ ಬಲಗಡೆಯ ಅರ್ಧ ಮೆದುಳನ್ನೇ ತೆಗೆದು ನೋಡಿದರು. ಆದರೂ ಗಡ್ಡೆ ಮರಳಿ ಬಂತು. ಇದಕ್ಕೆ ನಿಮ್ಮ ತಪ್ಪು ಕಾರಣ ಅಲ್ಲ.

ಹಾಗಂತ ಬೇಗ ಗುರುತಿಸಿದರೆ ಪ್ರಯೋಜನ ಇಲ್ಲ ಅಂತಲೂ ಅಲ್ಲ. ಕೈಕಾಲು, ಮಾತು ಚೆನ್ನಾಗಿರುವಾಗ ಬಂದವರು ಆಪರೇಷನ್ನು, ರೇಡಿಯೇಷನ್ನು ಚೆನ್ನಾಗಿ ತಡೆದುಕೊಳ್ಳುತ್ತಾರೆ. ತಮ್ಮ ಚಿಕಿತ್ಸೆ ಬಗ್ಗೆ ತಾವೇ ಮಾತಾಡಬಲ್ಲರು. ಫಿಟ್ಸ್ ಬಂದು ಗಾಡಿಯಿಂದ ಬೀಳುವುದು ತಪ್ಪುತ್ತದೆ. ಮತ್ತೆ ಗಡ್ಡೆ ಅಂದುಕೊಂಡದ್ದು ಪೂರ್ತಿ ವಾಸಿಯಾಗುವ ಬೇರೇನೋ ಆಗಿರಲೂಬಹುದು.

ದಾವಣಗೆರೆ_ಮಗಳು · ಸೋಮವಾರ ಬೆಳಿಗ್ಗೆ

ಸರ್, ಎಡಗಡೆಯೇ. ಕಿವಿಯ ಮೇಲೆಯೇ. ನೀವು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ತುಂಬಾ ಹೊತ್ತು ಸುಮ್ಮನೆ ಕೂತಿದ್ದರು.

ತುಮಕೂರು_ಮೇಷ್ಟ್ರು · ಸೋಮವಾರ ಬೆಳಿಗ್ಗೆ

ಬೇರೇನೋ ಆಗಿರಬಹುದು ಅಂದರೆ ಏನು ಸರ್? ಸ್ಕ್ಯಾನಿನಲ್ಲಿ ಉಂಗುರದ ಹಾಗೆ ಕಂಡರೆ ಇದೇ ಅಂತ ಎಲ್ಲೋ ಓದಿದ್ದೆ.

ನ್ಯೂರೋಸರ್ಜರಿ_ವೈದ್ಯ · ಸೋಮವಾರ ಮಧ್ಯಾಹ್ನ

ಒಳ್ಳೆ ಪ್ರಶ್ನೆ ಮೇಷ್ಟ್ರೇ. ಬಣ್ಣದ ಔಷಧಿ ಕೊಟ್ಟು ಎಂಆರ್‌ಐ ಮಾಡಿದಾಗ ಗ್ಲಿಯೋಬ್ಲಾಸ್ಟೋಮಾದ ಅಂಚು ದಪ್ಪ, ಒರಟು ಉಂಗುರದ ಹಾಗೆ ಹೊಳೆಯುತ್ತದೆ. ನಡುವೆ ಸತ್ತ ಭಾಗ ಕಪ್ಪಗೆ, ಸುತ್ತ ಊತ. ಆದರೆ ನಮ್ಮ ದೇಶದಲ್ಲಿ ಟಿಬಿ ಗಂಟೂ ಉಂಗುರವೇ. ಲಾಡಿಹುಳುವಿನ ಮರಿ ಮೆದುಳಲ್ಲಿ ಕೂತರೂ ಉಂಗುರವೇ. ಕೀವುಗಡ್ಡೆಯೂ ಉಂಗುರವೇ. ಶ್ವಾಸಕೋಶ, ಸ್ತನ ಮುಂತಾದ ಕಡೆಯ ಕ್ಯಾನ್ಸರ್ ಮೆದುಳಿಗೆ ಹರಡಿದರೂ ಹಾಗೇ ಕಾಣಬಹುದು. ಮೊದಲ ಮೂರಕ್ಕೆ ಔಷಧಿ ಇದೆ, ವಾಸಿಯಾಗುತ್ತವೆ. ಅದಕ್ಕೇ ಚೂರು ತೆಗೆದು ಪರೀಕ್ಷೆ ಮಾಡುವ ತನಕ ಹೆಸರು ಹೇಳಬಾರದು. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಅಂತ ಹೆದರಿ ಬೇಡ ಅನ್ನುವವರನ್ನು ನೋಡಿದ್ದೇನೆ. ಆ ಹೆದರಿಕೆಯಿಂದ ಬಯಾಪ್ಸಿ ಬಿಡಬೇಡಿ. ಚೂರು ಇಲ್ಲದೆ ಸರಿಯಾದ ಔಷಧಿ ಆರಿಸುವುದು ಹೇಗೆ?

ರಿಪೋರ್ಟಿನಲ್ಲಿ ಎರಡು ಪದ ಹುಡುಕಿ. ಒಂದು ಐಡಿಎಚ್. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಗಡ್ಡೆಗಳ ಪಟ್ಟಿ ಬದಲಿಸಿತು. ಐಡಿಎಚ್ ಜೀನಿನಲ್ಲಿ ಬದಲಾವಣೆ ಇಲ್ಲದಿದ್ದರೆ ಮಾತ್ರ ಈಗ ಗ್ಲಿಯೋಬ್ಲಾಸ್ಟೋಮಾ ಅನ್ನುತ್ತೇವೆ. ಬದಲಾವಣೆ ಇದ್ದರೆ ಅದು ಬೇರೆ ಜಾತಿ, ಗ್ರೇಡ್ 4, ಅಂದರೆ ಅತಿ ಜೋರಿನ ದರ್ಜೆ ಆಗಿದ್ದರೂ ಸ್ವಲ್ಪ ನಿಧಾನದ್ದು. ಇನ್ನೊಂದು ಎಂಜಿಎಂಟಿ. ಇದು ಗಡ್ಡೆಯ ಕಣ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವ ಜೀನು. ಅದು ಮುಚ್ಚಿದ್ದರೆ, ಅಂದರೆ ಮಿಥೈಲೇಟೆಡ್ ಅಂತ ಬಂದರೆ, ಟೆಮೊಜೊಲೊಮೈಡ್ ಅನ್ನುವ ಕ್ಯಾನ್ಸರ್ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ.

ಶಿರಸಿ_ಕಡೆಯವ · ಸೋಮವಾರ ರಾತ್ರಿ

ಇದನ್ನೆಲ್ಲ ಓದಿ ಕೈ ನಡುಗುತ್ತಿದೆ. ನಮ್ಮ ಆಯಿಗೆ 62. ತಲೆನೋವು ಏನೂ ಇಲ್ಲ. ಫಿಟ್ಸ್ ಇಲ್ಲ. ಆದರೆ ಮೂರು ತಿಂಗಳಿಂದ ಆಯಿ ಆಯಿಯ ಹಾಗೆ ಇಲ್ಲ. ಬೆಳಗಾದರೆ ಹೂ ಕೊಯ್ಯೋಕೆ ಹೋಗುತ್ತಿದ್ದವಳು ಈಗ ಎದ್ದು ಸುಮ್ನೆ ಕೂರುತ್ತಾಳೆ. ಕಳೆದ ವಾರ ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಎದುರಿಗೇ ನಿಂತು ನೋಡುತ್ತಿದ್ದಳು, ಇಳಿಸಲಿಲ್ಲ. ಎರಡು ಸಲ ಸೀರೆಯಲ್ಲೇ ಮೂತ್ರ ಆಯಿತು. ಅದಕ್ಕೆ ನಾಚಿಕೆಯೂ ಪಡಲಿಲ್ಲ. ಖಿನ್ನತೆ ಅಂತ ಎರಡು ತಿಂಗಳಿಂದ ಮಾತ್ರೆ ನಡೆದಿದೆ. ಗುಣ ಇಲ್ಲ. ಇದಕ್ಕೂ ಮೆದುಳಿನ ಗಡ್ಡೆಗೂ ಸಂಬಂಧ ಇರಬಹುದಾ?

ನ್ಯೂರೋಸರ್ಜರಿ_ವೈದ್ಯ · ಸೋಮವಾರ ರಾತ್ರಿ

ಇರಬಹುದು. ಹಣೆಯ ಹಿಂದಿನ ಮೆದುಳಿನಲ್ಲಿ ಗಡ್ಡೆ ಬೆಳೆದರೆ ತುಂಬಾ ದೊಡ್ಡದಾಗುವ ತನಕ ಕೈಕಾಲಿಗೆ ಏನೂ ಆಗದಿರಬಹುದು. ಆ ಜಾಗ ಮನಸ್ಸು ಮಾಡುವ ಜಾಗ. ಅಲ್ಲಿ ಕೆಟ್ಟರೆ ಆಸಕ್ತಿ ಹೋಗುತ್ತದೆ, ನಾಚಿಕೆ ಹೋಗುತ್ತದೆ, ಮೂತ್ರದ ಹಿಡಿತ ಹೋಗುತ್ತದೆ. ಖಿನ್ನತೆಯವರಿಗೆ ಸಾಮಾನ್ಯವಾಗಿ ದುಃಖ ಇರುತ್ತದೆ. ಇವರಿಗೆ ದುಃಖವೂ ಇರುವುದಿಲ್ಲ. ಮೆದುಳಿಗೆ ಸ್ವಂತ ನೋವು ಗೊತ್ತಾಗುವುದಿಲ್ಲ, ಅದರ ಹೊದಿಕೆಗೆ ಮತ್ತು ರಕ್ತನಾಳಕ್ಕೆ ಮಾತ್ರ ಗೊತ್ತಾಗುವುದು. ಹಾಗಾಗಿ ತಲೆನೋವು ಇಲ್ಲ ಅಂತ ನಿಶ್ಚಿಂತೆ ಆಗಬೇಡಿ.

ಬೇರೆ ಕಾರಣಗಳೂ ಇವೆ. ಥೈರಾಯ್ಡ್, ಬಿ12, ಸೋಡಿಯಂ ಕಡಿಮೆಯಾಗುವುದು, ಮೆದುಳಲ್ಲಿ ನೀರು ತುಂಬುವುದು. ಎಲ್ಲಕ್ಕೂ ಪರೀಕ್ಷೆ ಇದೆ. ಈ ವಾರವೇ ಎಂಆರ್‌ಐ ಮಾಡಿಸಿ. ಕಣ್ಣಿನ ಹಿಂದಿನ ನರ ಊದಿದೆಯಾ ಅಂತ ಹತ್ತಿರದ ಕಣ್ಣಿನ ಡಾಕ್ಟರೇ ನೋಡಿ ಹೇಳಬಲ್ಲರು. ಮಾನಸಿಕ ವೈದ್ಯರ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ದಾವಣಗೆರೆ_ಮಗಳು · ಸೋಮವಾರ ರಾತ್ರಿ

ಅಣ್ಣ, ನಾಳೆಯೇ ಹೊರಡಿ. ಹೋಗುವಾಗ ಒಂದು ಹಾಳೆಯಲ್ಲಿ ಎಲ್ಲ ಬರೆದುಕೊಂಡು ಹೋಗಿ. ಯಾವ ತಿಂಗಳು ಹೂ ಕೊಯ್ಯುವುದು ನಿಂತಿತು, ಯಾವ ದಿನ ಹಾಲು ಉಕ್ಕಿತು. ಐದು ನಿಮಿಷ ಡಾಕ್ಟರ್ ಎದುರು ಕೂತರೆ ಎಂಥವರೂ ಚೆನ್ನಾಗೇ ಕಾಣುತ್ತಾರೆ. ನಮ್ಮ ಅಪ್ಪ ಕ್ಲಿನಿಕ್‌ನಲ್ಲಿ "ನಾನು ಆರಾಮ್" ಅಂದುಬಿಟ್ಟಿದ್ದರು.

ಮಂಡ್ಯ_ಹುಡುಗ · ಮಂಗಳವಾರ ಬೆಳಿಗ್ಗೆ

ನಮ್ಮ ಮನೆ ಪಕ್ಕ ಮೊಬೈಲ್ ಟವರ್ ಇದೆ. ಇದರಿಂದ ಬರುತ್ತಾ?

ನ್ಯೂಜೆರ್ಸಿ_ಕನ್ನಡಿಗ · ಮಂಗಳವಾರ ಬೆಳಿಗ್ಗೆ

ನನ್ನ ಹೆಂಡತಿಗೆ ಈ ಕಾಯಿಲೆ ಬಂದಾಗ ನಾನು ಕೇಳಿದ ಮೊದಲ ಪ್ರಶ್ನೆಯೂ ಇದೇ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಮೊಬೈಲಿನ ರೇಡಿಯೋ ಅಲೆಗಳನ್ನು "ಕಾರಣ ಆಗುವ ಸಾಧ್ಯತೆ ಇದೆ" ಅನ್ನುವ ಪಟ್ಟಿಗೆ ಸೇರಿಸಿತು. ಅಲ್ಲಿಂದ ಈ ಹೆದರಿಕೆ ಹಬ್ಬಿತು. ಆಮೇಲೆ ಅದೇ ಸಂಸ್ಥೆ ಕೇಳಿ ಮಾಡಿಸಿದ ದೊಡ್ಡ ಪರಿಶೀಲನೆ 2024ರಲ್ಲಿ ಬಂತು. ಅದರಲ್ಲಿ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ. ಖಚಿತವಾಗಿ ಗೊತ್ತಿರುವ ಕಾರಣ ಎಂದರೆ ಹಿಂದೆ ಬೇರೆ ಕಾಯಿಲೆಗೆ ತಲೆಗೆ ಕೊಟ್ಟ ರೇಡಿಯೇಷನ್, ಮತ್ತೆ ತೀರಾ ಅಪರೂಪದ ಕೆಲವು ವಂಶದ ಕಾಯಿಲೆಗಳು. ಉಳಿದ ಬಹುತೇಕರಿಗೆ ಕಾರಣವೇ ಸಿಗುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಇಲ್ಲಿನ ಸೆನೆಟರ್ ಎಡ್ವರ್ಡ್ ಕೆನಡಿ, ಸೆನೆಟರ್ ಜಾನ್ ಮೆಕೇನ್, ಇಬ್ಬರೂ ಇದೇ ಜಾತಿಯ ಗಡ್ಡೆಯಿಂದ ಹೋದರು. ಕೆನಡಿಯವರಿಗೂ 2008ರ ಮೇ ತಿಂಗಳಲ್ಲಿ ಫಿಟ್ಸ್ ಬಂದೇ ಗೊತ್ತಾಗಿದ್ದು. ಎಲ್ಲ ಅನುಕೂಲ ಇದ್ದ ಅವರಿಗೆ ಸಿಕ್ಕಿದ್ದು ಹದಿನೈದು ತಿಂಗಳು.

ಮಂಗಳೂರು_ಗೃಹಿಣಿ · ಮಂಗಳವಾರ ಮಧ್ಯಾಹ್ನ

ನಮ್ಮ ಯಜಮಾನರಿಗೆ ಆಪರೇಷನ್ ಆಗಿ ಈಗ ನಾಲ್ಕನೇ ತಿಂಗಳು. ಚಿಕಿತ್ಸೆ ಹೇಗಿರುತ್ತದೆ ಅಂತ ನಾನು ಹೇಳುತ್ತೇನೆ, ಯಾಕೆಂದರೆ ನಮಗೆ ಯಾರೂ ಮೊದಲೇ ಹೇಳಿರಲಿಲ್ಲ.

ಗಾಯ ಒಣಗಿದ ಮೇಲೆ ರೇಡಿಯೇಷನ್. ಜನ ಕರೆಂಟ್ ಇಡುವುದು ಅನ್ನುತ್ತಾರಲ್ಲ, ಅದು. ವಾರಕ್ಕೆ ಐದು ದಿನ, ಒಟ್ಟು 30 ಸಲ, ಆರು ವಾರ. ಮುಖಕ್ಕೆ ಸರಿಯಾಗಿ ಕೂರುವ ಜಾಲರಿಯ ಮುಖವಾಡ ಮಾಡಿ ಮೇಜಿಗೆ ಬಿಗಿಯುತ್ತಾರೆ, ತಲೆ ಅಲುಗಾಡಬಾರದು ಅಂತ. ಮೊದಲ ದಿನ ಇವರು ಉಸಿರು ಕಟ್ಟಿತು ಅಂತ ಹೆದರಿದರು. ನೋವು ಏನೂ ಇಲ್ಲ. ಆ ಆರು ವಾರ ದಿನಾ ಟೆಮೊಜೊಲೊಮೈಡ್ ಮಾತ್ರೆ. ಖಾಲಿ ಹೊಟ್ಟೆಯಲ್ಲಿ, ವಾಂತಿ ಮಾತ್ರೆ ಮೊದಲು ಕೊಟ್ಟು. ಕ್ಯಾಪ್ಸೂಲ್ ಬಿಡಿಸಿ ಪುಡಿ ಮಾಡಬಾರದು. ರಕ್ತ ಪರೀಕ್ಷೆ ತಪ್ಪಿಸಬಾರದು, ಪ್ಲೇಟ್‌ಲೆಟ್ ಇಳಿಯುತ್ತವೆ. ಆಮೇಲೆ ತಿಂಗಳಿಗೆ ಐದು ದಿನ ಮಾತ್ರೆ, ಆರು ತಿಂಗಳು.

ನನ್ನನ್ನು ಸುಸ್ತು ಮಾಡಿದ್ದು ಕ್ಯಾನ್ಸರ್ ಮಾತ್ರೆ ಅಲ್ಲ, ಸ್ಟೀರಾಯ್ಡ್. ಡೆಕ್ಸಾಮೆಥಾಸೋನ್ ಕೊಟ್ಟಾಗ ಮೆದುಳಿನ ಊತ ಇಳಿದು ತಲೆನೋವು ಮಾಯ ಆಯಿತು. ಆದರೆ ರಾತ್ರಿ ಎರಡಕ್ಕೆ ಎದ್ದು ಉಪ್ಪಿಟ್ಟು ಮಾಡು ಅನ್ನುವುದು. ಸಣ್ಣದಕ್ಕೆಲ್ಲ ಸಿಟ್ಟು. ಮುಖ ಊದಿತು. ಶುಗರ್ 300 ದಾಟಿತು. ತೊಡೆ ಸೋತು ನೆಲದಿಂದ ಏಳೋಕೆ ಆಗುತ್ತಿರಲಿಲ್ಲ. ಇವರು ಯಾಕೆ ಹೀಗಾದರು ಅಂತ ನಾನು ಅಳುತ್ತಿದ್ದೆ. ಅದು ಮಾತ್ರೆಯ ಕೆಲಸ ಅಂತ ನರ್ಸಮ್ಮ ಒಬ್ಬರು ಹೇಳಿದ ಮೇಲೆ ನನಗೆ ಸಮಾಧಾನ.

ನ್ಯೂರೋ_ವಾರ್ಡ್_ನರ್ಸ್ · ಮಂಗಳವಾರ ಸಂಜೆ

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಸ್ಟೀರಾಯ್ಡನ್ನು ಬೆಳಿಗ್ಗೆ, ಮಧ್ಯಾಹ್ನ ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ, ನಿದ್ದೆ ಸ್ವಲ್ಪ ಬರುತ್ತದೆ. ಒಮ್ಮೆಲೇ ನಿಲ್ಲಿಸಲೇಬೇಡಿ. ಜ್ವರ ಬಂದರೆ ಮನೆಯಲ್ಲಿ ಕಾಯಬೇಡಿ. ಒಂದು ಕಾಲು ಮಾತ್ರ ಊದಿ ನೋವಾದರೆ ಅವತ್ತೇ ತೋರಿಸಿ. ಈ ಕಾಯಿಲೆಯಲ್ಲಿ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ಜಾಸ್ತಿ.

ಬೆಳಗಾವಿ_ಅಣ್ಣ · ಮಂಗಳವಾರ ರಾತ್ರಿ

ನಮ್ಮ ಕಾಕಾಗ ನಾಟಿ ಔಷಧ ಕೊಡಸ್ರಿ ಅಂತ ಎಲ್ಲಾರೂ ಹೇಳಾಕತ್ತಾರ. ಗಡ್ಡಿ ಕರಗ್ತದ ಅಂತ. ಮಾತ್ರಿ ಬಿಟ್ಟು ಅದನ್ನ ಕೊಡ್ಬೇಕೋ ಬ್ಯಾಡೋ?

ನ್ಯೂರೋಸರ್ಜರಿ_ವೈದ್ಯ · ಮಂಗಳವಾರ ರಾತ್ರಿ

ಬೇಡ ಅಣ್ಣಾವ್ರೇ. ಈ ಗಡ್ಡೆ ಕರಗಿಸುವ ಬೇರು ಸೊಪ್ಪು ಇದ್ದಿದ್ದರೆ ನಾನೇ ಮೊದಲು ಬರೆದುಕೊಡುತ್ತಿದ್ದೆ. ಏನು ಬೆರೆಸಿದ್ದಾರೆ ಅಂತ ಗೊತ್ತಿಲ್ಲದ ಪುಡಿಯಿಂದ ಲಿವರ್ ಕೆಟ್ಟರೆ ಇರುವ ಚಿಕಿತ್ಸೆಯೂ ನಿಲ್ಲುತ್ತದೆ. ಕೊಟ್ಟಾಗಿದ್ದರೆ ಮುಚ್ಚಿಡಬೇಡಿ, ನಿಮ್ಮ ಡಾಕ್ಟರಿಗೆ ಹೇಳಿ. ಅವರು ಬೈದರೂ ಪರವಾಗಿಲ್ಲ.

ಲೆಕ್ಕವನ್ನೂ ಹೇಳಿಬಿಡುತ್ತೇನೆ, ಕೇಳುವವರಿಗೆ ಗೊತ್ತಿರಲಿ. 2005ರಲ್ಲಿ ಬಂದ ಅಧ್ಯಯನದಲ್ಲಿ ರೇಡಿಯೇಷನ್ ಮಾತ್ರ ಪಡೆದವರ ಸಾಲಿನಲ್ಲಿ ನಡುವೆ ನಿಂತವರು 12.1 ತಿಂಗಳು ಬದುಕಿದರು. ಜೊತೆಗೆ ಟೆಮೊಜೊಲೊಮೈಡ್ ಮಾತ್ರೆ ಪಡೆದವರಲ್ಲಿ 14.6 ತಿಂಗಳು. ವ್ಯತ್ಯಾಸ ಸಣ್ಣದು ಅನಿಸುತ್ತದೆ ಅಲ್ವಾ? ಆದರೆ ಎರಡು ವರ್ಷ ದಾಟಿದವರು ನೂರಕ್ಕೆ 10 ಇದ್ದದ್ದು 26 ಆಯಿತು. ನಿಮ್ಮ ಕಾಕಾ ಯಾವ ಗುಂಪಿನಲ್ಲಿ ಇರುತ್ತಾರೆ ಅಂತ ಯಾರೂ ಮೊದಲೇ ಹೇಳಲಾರರು. ವಯಸ್ಸು ಜಾಸ್ತಿ ಇದ್ದು ಸುಸ್ತಿದ್ದರೆ ಮೂರು ವಾರದ ಚಿಕ್ಕ ರೇಡಿಯೇಷನ್ ಇದೆ. ಅದನ್ನು ಕೇಳಿ.

ಬೆಳಗಾವಿ_ಅಣ್ಣ · ಮಂಗಳವಾರ ರಾತ್ರಿ

ಕಾಕಾಗ ಇದನ್ನೆಲ್ಲಾ ಹೇಳ್ಬೇಕೇನ್ರಿ? ಕಾಕು ಬ್ಯಾಡ ಅಂತಾರ.

ದಾವಣಗೆರೆ_ಮಗಳು · ಬುಧವಾರ ಬೆಳಿಗ್ಗೆ

ಇದಕ್ಕೆ ನಾನು ಹೇಳುತ್ತೇನೆ. ನಾವು ಅಪ್ಪನಿಗೆ ಮೂರು ತಿಂಗಳು ಹೇಳಲಿಲ್ಲ. "ಸಣ್ಣ ಗಂಟು, ತೆಗೆದಿದ್ದಾರೆ" ಅಂದೆವು. ಅಪ್ಪ ನಮ್ಮ ಮುಖ ನೋಡಿಯೇ ತಿಳಿದುಕೊಂಡಿದ್ದರು, ಆದರೆ ನಮಗೆ ನೋವಾಗಬಾರದು ಅಂತ ಅವರೂ ಕೇಳಲಿಲ್ಲ. ಒಂದೇ ಮನೆಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ಓಡಾಡಿದೆವು. ಕೊನೆಗೆ ಅವರೇ ಒಂದು ದಿನ "ಎಷ್ಟು ದಿನ?" ಅಂತ ಕೇಳಿದರು. ಆಗ ಮಾತು ತುಂಬಾ ಕೆಟ್ಟಿತ್ತು. ಅಂಗಡಿಯಲ್ಲಿ ಯಾರು ಎಷ್ಟು ಬಾಕಿ, ಯಾರಿಗೆ ನಾವು ಕೊಡಬೇಕು, ಅದೆಲ್ಲ ಅವರ ತಲೆಯಲ್ಲೇ ಇತ್ತು. ಹೇಳೋಕೆ ಪದ ಬರಲಿಲ್ಲ. ಬೆರಳಲ್ಲಿ ತೋರಿಸಿದರು. ಅರ್ಧ ಗೊತ್ತಾಯಿತು, ಅರ್ಧ ಆಗಲಿಲ್ಲ.

ಕಾಕಾ ಎಷ್ಟು ಕೇಳುತ್ತಾರೋ ಅಷ್ಟು ಹೇಳಿ. ಆದರೆ ಕೇಳೋಕೆ ಅವಕಾಶ ಕೊಡಿ. ಮಾತು ಇರುವಾಗಲೇ.

ತುಮಕೂರು_ಮೇಷ್ಟ್ರು · ಬುಧವಾರ ಬೆಳಿಗ್ಗೆ

ಖರ್ಚಿನ ಬಗ್ಗೆ ಒಂದು ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ಬೆಂಗಳೂರಲ್ಲಿ ನಿಮ್ಹಾನ್ಸ್ ಮತ್ತು ಕಿದ್ವಾಯಿ ಎರಡೂ ಸರ್ಕಾರದ ಸಂಸ್ಥೆಗಳು. ನಿಮ್ಹಾನ್ಸ್‌ನಲ್ಲಿ ಮೆದುಳಿನ ಆಪರೇಷನ್, ಕಿದ್ವಾಯಿಯಲ್ಲಿ ರೇಡಿಯೇಷನ್ ಸಿಗುತ್ತದೆ. ಚಿಕಿತ್ಸೆ ಮುಗಿದು ಮನೆಯಲ್ಲಿ ನೋಡಿಕೊಳ್ಳುವುದು ಕಷ್ಟವಾದ ಕ್ಯಾನ್ಸರ್ ರೋಗಿಗಳನ್ನು ಬೆಂಗಳೂರಿನ ಕರುಣಾಶ್ರಯ ಅನ್ನುವ ಆರೈಕೆ ಕೇಂದ್ರದಲ್ಲಿ ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ.

ಶಿರಸಿ_ಕಡೆಯವ · ಭಾನುವಾರ ಸಂಜೆ

ಎಲ್ಲರಿಗೂ ಹೇಳಬೇಕು ಅಂತ ಬಂದೆ. ಹುಬ್ಬಳ್ಳಿಯಲ್ಲಿ ಆಯಿಯ ಎಂಆರ್‌ಐ ಆಯಿತು. ಹಣೆಯ ಹಿಂದೆ ಬಲಗಡೆ ಗಡ್ಡೆ ಇದೆ. ಸುತ್ತ ತುಂಬಾ ಊತ. ಯಾವ ಜಾತಿ ಅಂತ ಬಯಾಪ್ಸಿ ಆಗುವ ತನಕ ಹೇಳುವುದಿಲ್ಲ ಅಂದರು. ಬೆಂಗಳೂರಿಗೆ ಬಂದಿದ್ದೇವೆ. ಗುರುವಾರ ಆಪರೇಷನ್.

ದಾವಣಗೆರೆ_ಮಗಳು · ಭಾನುವಾರ ಸಂಜೆ

ಅಣ್ಣ, ಧೈರ್ಯವಾಗಿರಿ. ಹಳೆಯ ಮಾತ್ರೆ ಚೀಟಿ, ರೇಷನ್ ಕಾರ್ಡು, ಆಧಾರ್, ಎಲ್ಲದರ ಎರಡೆರಡು ಜೆರಾಕ್ಸ್ ಇಟ್ಟುಕೊಳ್ಳಿ. ಎಂಆರ್‌ಐ ಸಿಡಿಯನ್ನು ಯಾರಿಗೂ ಕೊಟ್ಟು ಮರೆಯಬೇಡಿ. ಆಪರೇಷನ್‌ನಲ್ಲಿ ತೆಗೆದ ಚೂರಿಗೆ ಐಡಿಎಚ್, ಎಂಜಿಎಂಟಿ ಪರೀಕ್ಷೆ ಆಗುತ್ತದಾ ಅಂತ ಮೊದಲೇ ಕೇಳಿ. ರಾತ್ರಿ ಕಾಯೋಕೆ ಇಬ್ಬರಾದರೂ ಇರಿ. ಊಟ ಬಿಡಬೇಡಿ.

ಶಿರಸಿ_ಕಡೆಯವ · ಮಂಗಳವಾರ ಬೆಳಿಗ್ಗೆ

ಅಕ್ಕ, ಊತ ಇಳಿಯೋಕೆ ಸ್ಟೀರಾಯ್ಡ್ ಶುರು ಮಾಡಿ ಇವತ್ತಿಗೆ ಎರಡು ದಿನ. ಬೆಳಿಗ್ಗೆ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದೆ. ಆಯಿ ಎದ್ದು ಕೂತು "ಹಾಲು ಇಳಿಸಿದ್ಯಾ?" ಅಂತ ಕೇಳಿದಳು. ಮೂರು ತಿಂಗಳಲ್ಲಿ ಅವಳು ತಾನಾಗೇ ಕೇಳಿದ ಮೊದಲ ಮಾತು.

ನ್ಯೂರೋಸರ್ಜರಿ_ವೈದ್ಯ · ಮಂಗಳವಾರ ಬೆಳಿಗ್ಗೆ

ಒಳ್ಳೆಯದಾಯಿತು. ಊತ ಇಳಿದಿದೆ ಅಷ್ಟೇ, ಗಡ್ಡೆ ಅಲ್ಲೇ ಇದೆ. ಆದರೆ ಈ ಎರಡು ದಿನ ಆಯಿ ನಿಮ್ಮ ಜೊತೆ ಮಾತಾಡುತ್ತಾರೆ. ಆಪರೇಷನ್ ಬಗ್ಗೆ ಅವರಿಗೇ ಹೇಳಿ, ಅವರನ್ನೇ ಕೇಳಿ.

ಶಿರಸಿ_ಕಡೆಯವ · ಮಂಗಳವಾರ ಮಧ್ಯಾಹ್ನ

ಹೇಳಿದೆ ಸರ್. "ಕೂದಲೆಲ್ಲ ತೆಗೀತ್ವಾ?" ಅಂತ ಕೇಳಿದಳು. ತಂಗಿಗೆ ಫೋನ್ ಮಾಡಿದ್ದೇನೆ, ಮಧ್ಯಾಹ್ನದ ಬಸ್ಸಿಗೆ ಹೊರಟಿದ್ದಾಳೆ. ಅಂಗಳದ ಮಲ್ಲಿಗೆ ಕೊಯ್ದುಕೊಂಡು ಬಾ ಅಂತ ಆಯಿಯೇ ಹೇಳಿದಳು.